ಫಕೀರಪ್ಪನ ಮಗಳು ಮಾರೇನಹಳ್ಳಿಯಲ್ಲಿ

ಬೆಂಗಳೂರಿಗೆ ಬಂದ ಹೊಸದರಲ್ಲಿ ಅಪ್ಪನ ಹೆಸರು ಹೇಳಿದ್ದಕ್ಕೇ ಎರಡು ಬಾಡಿಗೆ ಮನೆ ಕೈತಪ್ಪಿದವು. ಫಕೀರಪ್ಪ. ನಮ್ಮ ಕೊಪ್ಪಳದ ಕಡೆ ಓಣಿಗೊಬ್ಬ ಫಕೀರಪ್ಪ ಸಿಗುತ್ತಾನೆ, ಅವನ ಹಣೆಯ ಮೇಲೆ ವಿಭೂತಿಯೂ ಇರುತ್ತದೆ. ಇಲ್ಲಿ ಆ ಹೆಸರು ಕೇಳಿದವರು ನನ್ನ ಕುಂಕುಮವನ್ನು ಮತ್ತೊಮ್ಮೆ ನೋಡಿ, ಮನೆ ಬೇರೆಯವರಿಗೆ ಮಾತಾಗಿದೆ ಎಂದರು. ಕೊನೆಗೆ ಮಾರೇನಹಳ್ಳಿಯ ಜಯಮ್ಮನವರು ತಮ್ಮ ಮಹಡಿ ಮನೆ ಕೊಟ್ಟರು. ಅವರು ಅಪ್ಪನ ಹೆಸರು ಕೇಳಲಿಲ್ಲ, ಮನೆದೇವರು ಯಾವುದೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಹುಲಿಗೆಮ್ಮ ಎಂದುಬಿಟ್ಟ. ಅದೂ ಸುಳ್ಳಲ್ಲ.

ನನ್ನ ಕೆಲಸ ಕೇಳಿದರೆ ನಗುತ್ತೀರಿ. ಜ್ಞಾನಭಾರತಿ ಕಡೆಯ ಒಂದು ಕಾಲೇಜಿನಲ್ಲಿ ಜಗತ್ತಿನ ಧರ್ಮಗಳನ್ನು ವಿಂಗಡಿಸುವುದು ಹೇಗೆಂದು ಕಲಿಸುತ್ತೇನೆ. ಒಂದೇ ದೇವರೆನ್ನುವವು, ಹಲವು ದೇವರೆನ್ನುವವು, ದೇವರೇ ಬೇಡವೆನ್ನುವವು. ಗ್ರಂಥವಿರುವವು, ಬಾಯಿಮಾತಿನಲ್ಲೇ ಉಳಿದವು. ಬೋರ್ಡಿನ ಮೇಲೆ ಗೆರೆ ಎಳೆಯುವಾಗ ಎಲ್ಲವೂ ಸಲೀಸು. ಪಿತೃಪೂಜೆಯ ಹತ್ತಿರ ಬಂದಾಗ ಮಾತ್ರ ಕೈ ನಿಲ್ಲುತ್ತದೆ. ನನ್ನ ಅಕ್ಕ ಏಳು ವರ್ಷದವಳಿದ್ದಾಗ ಸತ್ತಳು. ಏಳು ವರ್ಷದ ಹುಡುಗಿ ಯಾರಿಗೆ ಪಿತೃವಾದಾಳು?

ನಮ್ಮಲ್ಲಿ ಮೊಹರಂ ಎಂದರೆ ಅಲಾಯಿ ದೇವರ ಹಬ್ಬ. ಲೋಹದ ಹಸ್ತದ ರೂಪದ ಆ ದೇವರನ್ನು ಹೊರುವವರಲ್ಲಿ ಹಿಂದೂಗಳೇ ಹೆಚ್ಚು, ಹರಕೆಯ ಸಕ್ಕರೆಗೆ ಫಾತಿಹಾ ಓದಿ ಕೊಡುವವರು ಮುಸಲ್ಮಾನರು. ಇದನ್ನು ಯಾವ ಧರ್ಮದ ಕೆಳಗೆ ಬರೆಯಬೇಕೆಂದು ಅಲ್ಲಿ ಯಾರಿಗೂ ಹೊಳೆದಿಲ್ಲ. ಹರಕೆಯ ಮಕ್ಕಳು ಲಾಡಿ ಎಂಬ ಕೆಂಪು ದಾರ ಕೊರಳಿಗೆ ಹಾಕಿಕೊಂಡು, ಫಕೀರರಾಗಿ ಐದು ಮನೆ ಭಿಕ್ಷೆ ಬೇಡುತ್ತಾರೆ. ಅಕ್ಕ ಅಂಥ ಹರಕೆಯ ಮಗು. ಒಂದು ವರ್ಷ ದುಡಿಯಲು ಗೋವಾಕ್ಕೆ ಹೋಗಿದ್ದ ಅಪ್ಪ-ಅವ್ವನಿಗೆ ಹಬ್ಬಕ್ಕೆ ಬರಲಾಗಲಿಲ್ಲ. ಮುಂದಿನ ಹಬ್ಬಕ್ಕೆ ಅಕ್ಕ ಇರಲಿಲ್ಲ. ಜ್ವರ ಎಂದು ನಾನು ಹೇಳುತ್ತೇನೆ, ತಪ್ಪಿದ ಹರಕೆ ಎಂದು ಅವ್ವ ಹೇಳುತ್ತಾಳೆ. ನನ್ನ ಮಗಳು ಪಲ್ಲವಿ ಹುಟ್ಟಿದಾಗ ಅವ್ವ ಅವಳಿಗೂ ಅದೇ ಹರಕೆ ಹೊತ್ತಳು.

ಊರಲ್ಲಿದ್ದಾಗ ನನಗೆ ಇದರ ಹೆದರಿಕೆ ಇರಲಿಲ್ಲ. ಅಲ್ಲಿ ಅಕ್ಕನಿಗೆ ಮಸೂತಿಯ ಕಟ್ಟೆಯಿದೆ, ಬೇವಿನ ಮರವಿದೆ, ಹೆಸರು ತೆಗೆಯುವ ನಾಲ್ಕು ಜನರಿದ್ದಾರೆ. ಇಲ್ಲಿ ನಮ್ಮ ಒಂದು ಬೆಡ್‌ರೂಮಿನ ಮನೆ ಬಿಟ್ಟರೆ ಅವಳಿಗೆ ಜಾಗವಿಲ್ಲ. ಮಧ್ಯಾಹ್ನ ಕುಕ್ಕರ್ ಇಳಿಸುವಾಗ ಅಲಾಯಿ ದೇವರ ಮುಂದೆ ಹಾಕುವ ಲೋಬಾನದ ವಾಸನೆ ಬರುತ್ತದೆ, ಬೆನ್ನ ಹಿಂದೆ ಯಾರೋ ನಿಂತಂತಾಗುತ್ತದೆ. ತಿರುಗಿದರೆ ಪಲ್ಲವಿ ಇರುತ್ತಾಳೆ. ಒಮ್ಮೊಮ್ಮೆ ಪಲ್ಲವಿಯೂ ಇರುವುದಿಲ್ಲ.

ನಾವು ಬಂದ ವರ್ಷ ಮೊಹರಂ ಶ್ರಾವಣದಲ್ಲೇ ಬಿತ್ತು. ನನಗೆ ರಜೆ ಸಿಗಲಿಲ್ಲ. ಎಲ್ಲಿದ್ದರೂ ಐದು ಮನೆ ಬೇಡಿಸೆಂದು ಅವ್ವ ಫೋನಿನಲ್ಲಿ ಅತ್ತಳು. ಶನಿವಾರ ಬೆಳಿಗ್ಗೆ ಮಗಳಿಗೆ ಲಾಡಿ ಹಾಕಿ, ಕೈಗೆ ತಂಬಿಗೆ ಕೊಟ್ಟು ಕೆಳಗಿಳಿಸಿದೆ. ಶ್ರಾವಣ ಶನಿವಾರ ಇಲ್ಲಿ ತಿರುಪತಿ ಒಕ್ಕಲಿನ ಮಕ್ಕಳು ನಾಮ ಹಾಕಿಕೊಂಡು ಪಡಿ ಬೇಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಜಯಮ್ಮನವರು ನೋಡಿದ್ದೇ ತಡ, ಸಂಭ್ರಮದಿಂದ ಮಗಳ ಹಣೆಗೊಂದು, ತಂಬಿಗೆಗೊಂದು ನಾಮ ಎಳೆದು, 'ವೆಂಕಟರಮಣ ಗೋವಿಂದ' ಎಂದು ಕೂಗಲು ಹೇಳಿಕೊಟ್ಟರು. ಅವಳು ಐದು ಮನೆಯಲ್ಲ, ಇಡೀ ರಸ್ತೆ ಕೂಗಿಕೊಂಡು ಬಂದಳು. ಧರ್ಮಗಳ ಬಗ್ಗೆ ಊರಿಗೆಲ್ಲ ಪಾಠ ಹೇಳುವ ನಾನು ಬಾಯಿಗೆ ಬೀಗ ಹಾಕಿಕೊಂಡು ಹಿಂದೆ ನಡೆದೆ. ವಿಷಯವನ್ನು ಫೋನಿನಲ್ಲಿ ಅವ್ವನಿಗೆ ಹೇಳಿದೆ. 'ಭಿಕ್ಷಾ ಬಿತ್ತಿಲ್ಲೋ, ಸಾಕ ಬಿಡವಾ,' ಎಂದಳು. ಆ ವಾರ ನನ್ನ ಬೆನ್ನ ಹಿಂದೆ ಯಾರೂ ನಿಲ್ಲಲಿಲ್ಲ.

ಆದರೆ ಮೊಹರಂ ಲೆಕ್ಕದಲ್ಲಿ ಅಧಿಕಮಾಸವಿಲ್ಲ, ಎರಡು ಮೂರು ವರ್ಷಕ್ಕೊಮ್ಮೆ ಅದು ಒಂದು ತಿಂಗಳು ಹಿಂದೆ ಸರಿಯುತ್ತದೆ. ನಡುವಿನ ವರ್ಷಗಳಲ್ಲಿ ಹೇಗೋ ಊರಿಗೆ ಹೋಗಿಬಂದೆವು. ಈ ಸಲ ಆಗಲಿಲ್ಲ, ಹಬ್ಬವೂ ಆಷಾಢಕ್ಕೆ ಬಂದಿತ್ತು. ಆಷಾಢದಲ್ಲಿ ಇಲ್ಲಿ ಯಾರೂ ಪಡಿ ಬೇಡುವುದಿಲ್ಲ. ಪಲ್ಲವಿಗೆ ಈಗ ಏಳು ವರ್ಷ, ನಾನು ಬಿಡುವ ಹಾಗಿರಲಿಲ್ಲ.

ಮಗಳಿಗೆ ಲಾಡಿ ಹಾಕಿ, ತಂಬಿಗೆ ಕೊಟ್ಟು, ಜಯಮ್ಮನವರ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಲಾಡಿ, ಅಲಾಯಿ ದೇವರು, ಅಕ್ಕ. ಅವರು ಅಕ್ಕನ ಹೆಸರು ಕೇಳಿದರು. ಫಕೀರವ್ವ ಎಂದೆ. ಅವರು ಒಳಗೆ ಹೋಗಿ ಮೊರದಲ್ಲಿ ಅಕ್ಕಿ ತಂದು ತಂಬಿಗೆಗೆ ಎರಡು ಸಲ ಸುರಿದರು.

'ಇದು ಮಗೂಗೆ. ಇದು ಅವ್ಳಿಗೆ,' ಎಂದರು.

ನನಗೆ ಅಳು ಬಂದುಬಿಟ್ಟಿತು. ಈ ಊರಲ್ಲಿ ಅಕ್ಕನಿಗೆಂದು ಯಾರಾದರೂ ಏನಾದರೂ ಕೊಟ್ಟದ್ದು ಅದೇ ಮೊದಲು. ಜಯಮ್ಮನವರು ರಸ್ತೆಯ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು.

'ಬೇರೆ ಮನೆಗಳಲ್ಲಿ ಗೋವಿಂದ ಅಂತ್ಲೇ ಕೂಗ್ಸಿ ಕಣಮ್ಮ. ಸುಮ್ನೆ ಯಾಕೆ.'

ಪ್ರೀತಿಯಿಂದಲೇ ಹೇಳಿದರು, ಅದೇ ಕಷ್ಟ. ಅಷ್ಟರಲ್ಲಿ ಪಲ್ಲವಿ ಪಕ್ಕದ ಮನೆಯ ಗೇಟು ತೆಗೆದು ಬಾಗಿಲ ಮುಂದೆ ನಿಂತಿದ್ದಳು. ಯಾರ ಹೆಸರು ಅವಳ ಬಾಯಿಂದ ಬರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆನೋ, ನನಗೇ ಗೊತ್ತಾಗಲಿಲ್ಲ.