ಹುನಗುಂದದ ಕಚೇರಿಯಲ್ಲಿ ನನ್ನ ತಂಗಿಯ ಜ್ವರ

ಬಾದಾಮಿಯಲ್ಲಿ ಸೀರೆ ಮಾರಿ ಇಳಕಲ್ಲಿಗೆ ಮರಳುವಾಗ ರೈಲಿನಲ್ಲಿ ಒಬ್ಬ ಡಾಕ್ಟರರು ಜೊತೆಯಾದರು. ಪ್ಲೇಗು ಯಾವ ಮನೆಯಿಂದ ಯಾವ ಮನೆಗೆ ದಾಟಿತೆಂದು ತಿಳಿಯಲು ಅವರು ಹುನಗುಂದದ ತಾಲೂಕು ಕಚೇರಿಗೆ ಹೊರಟಿದ್ದರು; ಇಳಕಲ್ಲಿನ ಸಾವಿನ ದಾಖಲೆಯೂ ಅಲ್ಲಿತ್ತು. ನಾನು ನೇಕಾರ, ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ನಮ್ಮೂರ ಓಣಿಗಳನ್ನು ಗುರುತಿಸಿಕೊಡಲು ಕರೆದರು, ಒಪ್ಪಿದೆ.

ಬಾಗಲಕೋಟೆಯವರೆಗೆ ಮೂರನೇ ದರ್ಜೆಗೆ ನಾಲ್ಕು ಆಣೆ. ಅಲ್ಲಿಂದ ಹುನಗುಂದಕ್ಕೆ ಹತ್ತು ಹರದಾರಿ, ಎತ್ತಿನ ಗಾಡಿ, ಸುಡುವ ಬಿಸಿಲು. ಕಮತಗಿಯ ಹತ್ತಿರ ಮಲಪ್ರಭೆಯಲ್ಲಿ ಮೊಣಕಾಲಷ್ಟೂ ನೀರಿರಲಿಲ್ಲ. ದಂಡೆಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಖಾರಕ್ಕೆ ಡಾಕ್ಟರರ ಕಣ್ಣಲ್ಲಿ ನೀರು ಬಂತು. ಗಾಡಿಯವ ನಕ್ಕ. “ಪ್ಲೇಗಿಗೆ ಅಂಜದವ್ರು ಹಿಂಡಿಗೆ ಅಂಜಿದ್ರಲ್ರಿ ಸಾಹೇಬ್ರ.”

ಅಮೀನಗಡದಲ್ಲಿ ರಾತ್ರಿ ಕಳೆದು, ಮರುದಿನ ಕಚೇರಿ ಮುಟ್ಟಿದೆವು. ಕಾರಕೂನರು ಒಟ್ಟು ಲೆಕ್ಕವನ್ನಷ್ಟೇ ಮುಂದಿಟ್ಟರು. “ಬೆರೀಜು ಬೇಕಾದ್ರ ಬರ್ಕೋರಿ. ಮನಿಮನಿ ಸಾವು ಹೊರಗಿನವ್ರಿಗೆ ತೋರ್ಸೂದಿಲ್ಲ.”

“ಬೆರೀಜಿನಾಗ ರೋಗ ನಡದ ದಾರಿ ಕಾಣೂದಿಲ್ರಿ,” ಎಂದರು ಡಾಕ್ಟರರು. ಮಧ್ಯಾಹ್ನ ಮಾಮಲೇದಾರರು ಒಪ್ಪಿದರು. ಮನೆ, ದಿನ, ಕಾರಣ ಬರೆದುಕೊಳ್ಳಬಹುದು. ಹೆಸರು ಮಾತ್ರ ಕಚೇರಿಯಿಂದ ಹೊರಗೆ ಹೋಗಕೂಡದು.

ನಮ್ಮ ಓಣಿ ಬಂತು. ತೀರಿಹೋದ ನನ್ನ ತಂಗಿ ಕಾಶವ್ವನ ಹೆಸರಿನ ಮುಂದೆ ‘ಜ್ವರ’ ಎಂದಿತ್ತು. ಅವಳ ಹಿಂದೆಯೇ ಸತ್ತ ನೆರೆಮನೆಯ ನೀಲವ್ವನ ಹೆಸರಿನ ಮುಂದೆ ‘ಪ್ಲೇಗು’. ರೋಗ ಓಣಿಗೆ ಬಂದದ್ದು ನೀಲವ್ವನ ಮನೆಯಿಂದ ಎಂದು ಡಾಕ್ಟರರು ನಕಾಶೆಯಲ್ಲಿ ಗುರುತು ಹಾಕಿದರು. ಓಣಿಯೂ ಹಾಗೆಯೇ ನಂಬಿತ್ತು. ಅವಳ ಗಂಡ ಬಸಪ್ಪನ ಮನೆಯಲ್ಲಿ ಅಂದಿನಿಂದ ಯಾರೂ ನೀರು ಕುಡಿದಿರಲಿಲ್ಲ. ನಾನೂ ಕುಡಿದಿರಲಿಲ್ಲ.

“ತಡೀರಿ,” ಎಂದೆ. “ನಮ್ಮ ಕಾಶವ್ವಗ ತೊಡಿಸಂದ್ಯಾಗ ಪ್ಲೇಗಿನ ಗಡ್ಡಿ ಎದ್ದಿತ್ರಿ. ಜ್ವರ ಅಂತ ಬರಸಿದಾಂವ ನಾನ.”

ಪ್ಲೇಗೆಂದರೆ ಮನೆ ಬಿಡಿಸಿ ಊರ ಹೊರಗಿನ ಗುಡಿಸಲಿಗೆ ಅಟ್ಟುತ್ತಿದ್ದರು. ಮಗ್ಗದ ಮೇಲೆ ಅರ್ಧ ನೆಯ್ದ ಸೀರೆಯಿತ್ತು. ಅದಕ್ಕಾಗಿ ಸುಳ್ಳು ಹೇಳಿದೆ. ಕಾಶವ್ವನ ಹೆಣಕ್ಕೆ ನೀರೆರೆದವಳು ನೀಲವ್ವ. ಎರೆದವರಿಗೆ ಸತ್ತವರ ಸೀರೆ ಕೊಡುವುದು ನಮ್ಮ ಮನೆಯ ರೂಢಿ. ಪ್ಲೇಗೆಂದು ತಿಳಿದೂ ಕಾಶವ್ವನ ಸೀರೆ ಕೊಟ್ಟೆ. ಅವಳು ಉಟ್ಟಳು.

ಡಾಕ್ಟರರು ಬಯ್ಯಲಿಲ್ಲ. ಸರಕಾರದ ಬರಹ ತಿದ್ದುವ ಹಕ್ಕು ತಮಗಿಲ್ಲವೆಂದು ಹೇಳಿ, ನಕಾಶೆಯ ಗುರುತನ್ನು ಅಳಿಸಿ ನಮ್ಮ ಮನೆಗೆ ಹಾಕಿದರು. ಆದರೆ ನಕಾಶೆಯಲ್ಲಿ ಹೆಸರಿರಲಿಲ್ಲ. ಹೆಸರನ್ನು ಊರಿಗೆ ಒಯ್ಯಬೇಕಾದವನು ನಾನೇ.

ಇಳಕಲ್ಲಿಗೆ ಮೂರು ಹರದಾರಿ, ಮರುದಿನ ಸಂಜೆಗೆ ತಲುಪಿದೆ. ಹೆಗಲ ಗಂಟು ಇಳಿಸದೆ ಬಸಪ್ಪನ ಬಾಗಿಲಿಗೆ ಹೋಗಿ, ಮೆಲ್ಲಗೆ ಎಲ್ಲವನ್ನೂ ಹೇಳಿದೆ. ಅವನು ಬಾಗಿಲನ್ನು ಪೂರ್ತಿ ತೆರೆದ.

“ಇನ್ನೊಮ್ಮಿ ಹೇಳು. ಓಣಿಗೆ ಕೇಳೂ ಹಂಗ.”

ಬೀದಿಗೆ ಮುಖ ಮಾಡಿ ಗಟ್ಟಿಯಾಗಿ ಹೇಳಿದೆ. ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಆಮೇಲೆ ಅವನನ್ನು ಕುಡಿಯಲು ನೀರು ಕೇಳಿದೆ. ಕೊಡುವವರೆಗೂ ನಿಂತೇ ಇದ್ದೆ.