ಗಂಗವ್ವನ ನಿದ್ದೆ ಮತ್ತು ನೀರಿನ ಕ್ಯಾಸೆಟ್

2001ರಲ್ಲಿ ನಾನು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಮನೋವೈದ್ಯರೊಬ್ಬರ ದವಾಖಾನೆಯಲ್ಲಿ ಆಯಾ ಆಗಿದ್ದೆ. ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದ್ದರಿಂದ, ಅಕ್ಷರ ಬಾರದ ರೋಗಿಗಳ ಸ್ಲೀಪ್ ಡೈರಿ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂತು. ಎಷ್ಟಕ್ಕೆ ಮಲಗಿದರು, ಎಷ್ಟು ಸಲ ಎಚ್ಚರಾಯಿತು, ಎಷ್ಟಕ್ಕೆ ಎದ್ದರು ಎಂದು ಕೇಳಿ ತುಂಬುವ ಹಾಳೆ ಅದು.

ತಿಂಗಳುಗಟ್ಟಲೆ ನಿದ್ದೆಯಿಲ್ಲದವರಿಗೆ ಡಾಕ್ಟರಮ್ಮ ಮಾತ್ರೆಗೆ ಮೊದಲು ಎರಡು ದಾರಿ ನೋಡುತ್ತಿದ್ದರು. ಒಂದು ಸದ್ದಿನದು: ಹರಿಯುವ ನೀರಿನ ಸದ್ದಿನ ಕ್ಯಾಸೆಟ್ ಸಣ್ಣಗೆ ಹಚ್ಚಿ ಮಲಗುವುದು. ಇನ್ನೊಂದು ರೂಢಿಯದು: ಕಣ್ಣು ಎಳೆದಾಗಲೇ ಹಾಸಿಗೆಗೆ ಹೋಗುವುದು, ನಿದ್ದೆ ಬಾರದಿದ್ದರೆ ಎದ್ದು ಕೂಡುವುದು, ಹಗಲು ಅಡ್ಡಾಗದಿರುವುದು, ದಿನಾ ಒಂದೇ ಹೊತ್ತಿಗೆ ಏಳುವುದು. ಯಾರಿಗೆ ಯಾವುದು ಒಗ್ಗಿತೆಂದು ಡೈರಿ ನೋಡಿ ತೀರ್ಮಾನಿಸುತ್ತಿದ್ದರು.

ಗಂಗವ್ವ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವವಳು. ತೂಕಡಿಸಿ ಕಾದ ಹಂಚಿನ ಮೇಲೆ ಅಂಗೈ ಊರಿದ್ದಳು. ತಿಂಗಳೊಳಗೆ ನಿದ್ದೆ ಸರಿಹೋಗದಿದ್ದರೆ ಕೆಲಸಕ್ಕೆ ಬರಬೇಡ ಎಂದು ಖಾನಾವಳಿಯ ಒಡತಿ ಅಕ್ಕಾವ್ರು ಹೇಳಿದ್ದರು. ಡಾಕ್ಟರಮ್ಮ ಅವಳಿಗೆ ಕ್ಯಾಸೆಟ್ ಕೊಟ್ಟರು.

ಎರಡು ವಾರ ಅವಳು ಹೇಳಿದ್ದು ಒಂದೇ. “ಛಲೋ ನಿದ್ದಿ ಬಂತು ಅಂತ ಬರೀರಿ.” ಬರೆದೆ. ಆದರೆ ಸರದಿಗೆ ಕಾಯುತ್ತ ಬೆಂಚಿನ ಮೇಲೆಯೇ ಗೊರಕೆ ಹೊಡೆಯುತ್ತಿದ್ದಳು. ಮೂರನೆಯ ಸಲ ಪೆನ್ನು ಕೆಳಗಿಟ್ಟೆ.

“ಗಂಗವ್ವಾ, ಖರೇ ಹೇಳವ್ವಾ.”

“ಖರೇ ಹೇಳಿದ್ರ ಡಾಕ್ಟರಮ್ಮಗ ಬ್ಯಾಸರ ಆಗೂದಿಲ್ಲೇನ್ರಿ? ಪಾಪ, ಪುಕ್ಕಟೆ ಕೊಟ್ಟಾರ.” ಆಮೇಲೆ ದನಿ ತಗ್ಗಿಸಿದಳು. “ಆ ಸಪ್ಪಳ ಕೇಳಿದ್ರ ನಳಾ ಬಂತು ಅಂತ ಎದಿ ಝಲ್ ಅಂತೈತ್ರಿ. ಕೊಡಾ ತಗೊಂಡು ಓಡತೇನಿ. ಮೊನ್ನಿ ನನ್ನ ನೋಡಿ ಬಾಜೂಮನಿ ಶಾಂತಕ್ಕನೂ ಓಡಿ ಬಂದ್ಲು. ಇಬ್ರೂ ಒಣಾ ನಳದ ಮುಂದ ನಿಂತ್ವಿ.”

ನಮ್ಮ ಓಣಿಗಳ ನಳದಲ್ಲಿ ಆಗ ನೀರು ಎಂಟು-ಹತ್ತು ದಿನಕ್ಕೊಮ್ಮೆ, ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿತ್ತು. ಗಂಗವ್ವ ಸಂಜೆ ಏಳಕ್ಕೇ ಮಲಗಿ ನಳಕ್ಕೆ ಕಿವಿಗೊಟ್ಟಿರುತ್ತಿದ್ದಳಂತೆ. ಅಂಥದೇ ಕ್ಯಾಸೆಟ್ ಹಚ್ಚಿ ಕೇಶ್ವಾಪುರದ ನಿವೃತ್ತ ಮಾಸ್ತರರೊಬ್ಬರು ಸುಖವಾಗಿ ನಿದ್ದೆ ಮಾಡುತ್ತಿದ್ದರು. ಅವರ ಮನೆಯಲ್ಲಿ ಬೋರ್‌ವೆಲ್ ಇತ್ತು.

ಡೈರಿ ಸುಳ್ಳೆಂದರೆ ತಪ್ಪು ನನ್ನ ಮೇಲೇ ಬರುತ್ತಿತ್ತು, ಬರೆದವಳು ನಾನೇ. ಆದರೂ ಡಾಕ್ಟರಮ್ಮ ಕ್ಯಾಸೆಟ್ಟನ್ನೇ ಮುಂದುವರಿಸಲು ಹೊರಟಾಗ ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. “ಮೇಡಂ, ನಾ ಬರದದ್ದು ಖರೇ ಅಲ್ರಿ.”

ಕಥೆ ಕೇಳಿ ಮೊದಲು ನಕ್ಕರು, ಆಮೇಲೆ ಡೈರಿಯ ಹಾಳೆಯನ್ನು ಪಕ್ಕಕ್ಕೆ ಸರಿಸಿದರು. “ನಮ್ಮ ಮನ್ಯಾಗ ಟ್ಯಾಂಕ್ ಐತಿ. ನನಗ ಹೊಳೀಲೇ ಇಲ್ಲ ನೋಡ್ರಿ,” ಅಂದರು.

ಕ್ಯಾಸೆಟ್ ನಿಲ್ಲಿಸಿ ರೂಢಿಯ ದಾರಿ ಹಿಡಿಸಿದರು. ಮೊದಲ ವಾರ ಹಗಲಿನ ತೂಕಡಿಕೆ ಹೆಚ್ಚಾಗಬಹುದು, ಒಲೆಯ ಹತ್ತಿರ ಕೂಡಬೇಡ ಎಂದು ಎಚ್ಚರಿಸಿದರು. ನಾನೇ ಹೋಗಿ ಅಕ್ಕಾವ್ರನ್ನು ಒಪ್ಪಿಸಿ ಅವಳಿಗೆ ಸೊಪ್ಪು ಸೋಸುವ ಕೆಲಸ ಕೊಡಿಸಿದೆ. ಶಾಂತಕ್ಕ, “ನಳಾ ಬಂದ್ರ ನಾ ಬಾಗಲಾ ಬಡೀತೇನಿ. ನೀ ಮಾತ್ರ ಕುಂಭಕರ್ಣನ ತಂಗಿಹಂಗ ಮಲಗಬ್ಯಾಡ,” ಎಂದಳಂತೆ.

ಆ ವಾರ ಗಂಗವ್ವ ಅತ್ತಳು, ಡಾಕ್ಟರಮ್ಮನನ್ನು ಬೈದಳು. ಎಲ್ಲವನ್ನೂ ಡೈರಿಯಲ್ಲಿ ಬರೆದೆ. ಮುಂದಿನ ವಾರ ಬೆಂಚಿನ ಮೇಲೆ ಕಣ್ಣು ಬಿಟ್ಟು ಕೂತಿದ್ದಳು. ಅಕ್ಕಾವ್ರು ಕೊಟ್ಟ ಗಡುವಿಗೆ ಎರಡು ದಿನ ಇದ್ದಾಗ ಮತ್ತೆ ಹಂಚಿನ ಮುಂದೆ ಕೂತಳು.

ರೋಗಿ ಹೇಳಿದ್ದನ್ನು ಬರೆಯುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ. ಮುಲಾಜಿಲ್ಲದೆ ನಿಜ ಹೇಳಲು ಅವರಿಗೆ ಎಡೆ ಮಾಡಿಕೊಡುವುದೂ ಕೆಲಸವೆಂದು ಗಂಗವ್ವ ಕಲಿಸಿದಳು. ಅದಕ್ಕೆ ಬಹಳ ಮಾತು ಬೇಕಿಲ್ಲ. ಒಮ್ಮೆ ಕೇಳಿ, ಉತ್ತರ ಬರುವ ತನಕ ಸುಮ್ಮನೆ ಕೂತಿರಬೇಕು. ಅದು ನನಗೆ ಬರುತ್ತಿತ್ತು.