ಹನ್ನೆರಡು ನಿಮಿಷದ ರವಿರಾಜ್

ಹರಿಣಾಕ್ಷಿಯ ಗಂಡ ರವಿರಾಜ್ ಗಂಗೊಳ್ಳಿ ಅಳಿವೆಯಲ್ಲಿ ದೋಣಿ ಮಗುಚಿ ಸತ್ತು ನಾಲ್ಕು ವರ್ಷ. ಅವನು ಮಾತಾಡುವ ಒಂದೇ ವಿಡಿಯೊ ಉಳಿದಿತ್ತು. ದೋಣಿಪೂಜೆಯ ದಿನ ತೆಗೆದದ್ದು, ಹನ್ನೆರಡು ನಿಮಿಷ. ಅದಿದ್ದದ್ದು ಅವಳು ಎಡಿಟಿಂಗ್ ಮಾಡುವ ತಲ್ಲೂರಿನ ಸ್ಟುಡಿಯೊದ ಕಂಪ್ಯೂಟರಿನಲ್ಲಿ. ವೈರಸ್ ಬರುತ್ತದೆಂದು ಮಾಲೀಕ ದಿನಕರ ಪೆನ್‌ಡ್ರೈವ್, ಫೋನ್ ಯಾವುದನ್ನೂ ಅದಕ್ಕೆ ಚುಚ್ಚಗೊಡುತ್ತಿರಲಿಲ್ಲ. ಹಾಗಾಗಿ ದಿನಾ ಮಧ್ಯಾಹ್ನ ಅವಳು ಅಲ್ಲೇ ಗಂಡನನ್ನು ನೋಡುತ್ತ ಉಣ್ಣುತ್ತಿದ್ದಳು. ಅಲ್ಲಿನ ಕಂಪ್ಯೂಟರ್ ರಿಪೇರಿ ನನ್ನದು, ಕಣ್ಣಾರೆ ಕಂಡಿದ್ದೇನೆ.

ಮೇ ತಿಂಗಳಲ್ಲಿ ದಿನಕರ ಒಂದೇ ದಿನ ಎರಡು ಮದುವೆಯ ವಿಡಿಯೊ ಒಪ್ಪಿಕೊಳ್ಳುತ್ತಾನೆ. ಹೊಸ ಮೆಮೊರಿ ಕಾರ್ಡ್ ಕೊಳ್ಳಲು ಕೈ ಬಾರದು. ಮೊದಲ ಮದುವೆಯ ಕಾರ್ಡ್ ಬೈಕಿನಲ್ಲಿ ಬಂದು, ಕಾಪಿಯಾಗಿ, ಖಾಲಿಯಾಗಿ ಎರಡನೆಯ ಮುಹೂರ್ತಕ್ಕೆ ಓಡಬೇಕು. ಆ ದಿನ ಡಿಸ್ಕ್ ತುಂಬಿತ್ತು. ಹರಿಣಾಕ್ಷಿ ಹಳೆಯ ಮೂರು ಮದುವೆ ಅಳಿಸಿದಳು. ಜಾಗ ಒಂದಿಷ್ಟೂ ಹೆಚ್ಚಲಿಲ್ಲ. ನನಗೆ ಫೋನ್ ಮಾಡಿದಳು.

"ಅಳ್ಸಿದ್ದನ್ನ ಎಡಿಟಿಂಗ್ ಪ್ರೋಗ್ರಾಂ ಇನ್ನೂ ಹಿಡ್ಕಂಡಿತ್ತ್. ಹೆಸ್ರ್ ಮಾತ್ರ ಹೋಯ್ತ್, ಪ್ರೋಗ್ರಾಂ ಕೈ ಬಿಟ್ರೇ ಜಾಗ ಕಾಂಬುದ್. ಕಂಪ್ಯೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ, ಐದ್ ನಿಮಿಷ," ಎಂದೆ.

"ಐದ್ ನಿಮಿಷ ಎಲ್ಲಿತ್ತ್?" ದಿನಕರನ ಗಂಟಲು ಫೋನಿನಲ್ಲೇ ಕೇಳಿತು. "ಇದೆಂತ ಫೈಲ್, ರವಿರಾಜ್ ಅಂದೇಳಿ? ಅಳ್ಸ್ ಇದನ್ನೂ!"

"ಅದ್ ಬ್ಯಾಡ! ನಂಗೆ ಅದೊಂದೇ ಇಪ್ಪುದ್!"

"ಸತ್ತವ್ರನ್ನ ಸಾಕೂಕೆ ನಾನ್ ಕಂಪ್ಯೂಟರ್ ಇಟ್ಟದ್ದಲ್ಲ."

ದಿನಕರ ಮೌಸ್ ಕಿತ್ತುಕೊಂಡು ತಾನೇ ಅಳಿಸಿದನಂತೆ. ಆಗಲೂ ಜಾಗ ಹೆಚ್ಚಲಿಲ್ಲ. ಸಿಟ್ಟಿನಿಂದ ಸ್ವಿಚ್ ಆರಿಸಿ ಮತ್ತೆ ಹಾಕಿದ. ಮೂರೂ ಮದುವೆಯ ಜಾಗ ಒಮ್ಮೆಗೇ ಬಂತು, ಬೇಕಾದ್ದಕ್ಕಿಂತ ನಾಲ್ಕು ಪಟ್ಟು. ಹೊಸ ಮದುವೆ ಕಾಪಿಯಾಯಿತು.

ಸಂಜೆ ನಾನು ಹೋದಾಗ, "ಕಾಣ್, ಎಷ್ಟ್ ಜಾಗ ಇತ್ತ್!" ಎಂದು ನಗುತ್ತಿದ್ದ. ಎರಡು ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಗಿರಾಕಿ ಅಲ್ಲವೆ, ನನ್ನ ಹೇಡಿತನಕ್ಕೆ ಅಷ್ಟು ನೆಪ ಸಾಕಾಯಿತು.

ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಹಾಕಿದೆ. ರವಿರಾಜ್ ಎಂಬ ಹೆಸರು ಮರಳಿ ಬಂತು, ಹನ್ನೆರಡು ನಿಮಿಷವೂ ಇತ್ತು. ಹರಿಣಾಕ್ಷಿ ನನ್ನ ಕೈ ಹಿಡಿದುಕೊಂಡಳು. ತೆರೆದರೆ ಯಾರದೋ ಮದುವೆಮನೆ, ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದಾರೆ. ಆ ದಿನ ಕಾಪಿ ಮಾಡಿದ ಮದುವೆ ಅವನ ಜಾಗದಲ್ಲೇ ಬಂದು ಕೂತಿತ್ತು.

"ಇನ್ ಸಿಕ್ಕುದಿಲ್ಲ," ಎಂದು ನಿಲ್ಲಿಸಹೋದೆ. ಅವಳು ಬಿಡಲಿಲ್ಲ. ನಡುವೆ ಎಲ್ಲಾದರೂ ಅವನ ಒಂದು ಮಾತು ಉಳಿದಿರಬಹುದೆಂದು, ಆ ಊಟವನ್ನು ಕೊನೆಯ ಎಲೆ ಎತ್ತುವವರೆಗೂ ನೋಡಿದಳು.